ನಮ್ಮ ಜಾತ್ರೆಗಳಲ್ಲಿ ಲ್ಯಾಟಿನ್ ಅಮೇರಿಕೆಯ ತಾಳ

ಕೆಲವು ವರ್ಷಗಳ ಕೆಳಗೆ ಅಫಜಲಪುರ ತಾಲೂಕಿನ ಭೀಮಾತೀರದ ಒಂದು ಗ್ರಾಮದ ಜಾತ್ರೆಗೆ ಹೋಗುವ ಪ್ರಸಂಗವು ಬಂದಿತ್ತು. ಆ ರಾತ್ರಿ ಊರ ತರುಣರು ಆಡುವ ನಾಟಕವಿದ್ದಿತು. ಆಟವು ಆರಂಭವಾಗುವದಕ್ಕೆ ಮುಂಚೆ ರಂಗದ ಪಕ್ಕದಲ್ಲಿ ಕುಳಿತಿದ್ದ ಪೇಟಿ ಮಾಸ್ತರರೊಡನೆ ಮಾತಿಗೆ ತೊಡಗಿದೆನು. ಹೆಸರಿಗೆ ಅವರು ಪೇಟಿ ಮಾಸ್ತರರಾದರೂ ಅವರ ಮುಂದೆ ಇದ್ದುದು ಪೇಟಿಯಲ್ಲ. ನಮ್ಮ ಕಡೆಯ ಜನರು ‘ಕ್ಯಾಸಿಯೋ’ ಎಂದು ಕರೆಯುವ ವಿದ್ಯುತ್ತಿನ ವಾದ್ಯವು. ಅದರ ಮೇಲೆ ಒಂದು ಸಾಲು ಗುಂಡಿಗಳಿದ್ದವು. ಒಂದೊಂದನ್ನು ಒತ್ತಿದರೆ ಒಂದೊಂದು ತಾಳವು ತಾನಾಗಿಯೇ ನುಡಿಯತೊಡಗುವದು. ಮಾಸ್ತರರು ಹೆಚ್ಚಾಗಿ ಒಂದೇ ಗುಂಡಿಯನ್ನು ಬಳಸುತ್ತಿದ್ದರು. ಅದರ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ‘ರುಂಬಾ’ ಎಂದು ಬರೆದಿದ್ದಿತು. “ಗುರುಗಳೇ, ಇಪ್ಪತ್ತು ವರ್ಷದಿಂದ ಇದನ್ನ ಒತ್ತಕೋತ ಬಂದೀನಿ. ರುಂಬಾ ಅಂದ್ರ ಏನ್ರೀ?” ಎಂದು ಅವರು ಕೇಳಿದರು.

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ನನಗೆ ಆ ಶಬ್ದದ ಅರ್ಥವು ತಿಳಿಯದು. ‘ನೋಡಿ ಹೇಳುತ್ತೇನೆ’ ಎಂದು ಸುಮ್ಮನಾದೆನು. ಅಂದಿನಿಂದ ಆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ದೊರೆತ ಗ್ರಂಥಗಳನ್ನು ಓದಿ, ತಿಳಿದವರನ್ನು ಕೇಳಿ, ನಾನು ಅರಿತುಕೊಂಡ ಸಂಗತಿಗಳನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನಸಂಗೀತಕ್ಕೂ ಭೂಗೋಲದ ಆಚೆಯ ಮಗ್ಗುಲಿಗಿರುವ ಕ್ಯೂಬಾ, ಬ್ರೆಜಿಲ್ ದೇಶಗಳಿಗೂ ಎತ್ತಣಿಂದೆತ್ತ ಸಂಬಂಧವೆಂದು ಮೊದಲಿಗೆ ತೋರುವದು ಸಹಜವು. ಆದರೆ ಸಂಬಂಧವುಂಟು, ಮತ್ತು ಅದನ್ನು ಅರಿತರೆ ನಮ್ಮ ಊರಿನ ವಿಷಯದಲ್ಲಿಯೇ ನಾವು ಕಲಿಯತಕ್ಕುದು ಬಹಳವುಂಟು.

ಮೊದಲು ‘ಲ್ಯಾಟಿನ್’ ಎಂಬ ಹೆಸರನ್ನು ವಿಚಾರಿಸೋಣ. ಲ್ಯಾಟಿನ್ ಎಂಬದು ಪ್ರಾಚೀನ ರೋಮಕರ ಭಾಷೆಯು. ನಮ್ಮಲ್ಲಿ ಸಂಸ್ಕೃತಕ್ಕೂ ಪ್ರಾಕೃತಗಳಿಗೂ ಇರುವಂಥ ಬಾಂಧವ್ಯವು ಆ ಭಾಷೆಗೂ ಸ್ಪ್ಯಾನಿಷ್, ಪೋರ್ತುಗೀಜ, ಫ್ರೆಂಚ್ ಭಾಷೆಗಳಿಗೂ ಇರುವದು. ೧೪೯೨ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿದ ತರುವಾಯ ಈ ಭಾಷೆಗಳನ್ನಾಡುವ ಜನರು ಅಮೇರಿಕಾ ಖಂಡದ ಮಧ್ಯ ಮತ್ತು ದಕ್ಷಿಣ ಭಾಗಗಳನ್ನು ಆಕ್ರಮಿಸಿದರು. ಆದಕಾರಣ ಆ ಪ್ರದೇಶಕ್ಕೆ ಲ್ಯಾಟಿನ್ ಅಮೇರಿಕೆಯೆಂದು ಹೆಸರಾಯಿತು. ಆದರೆ ಅಲ್ಲಿಯ ಸಂಗೀತವು ರೋಮಿನ ಸಂತತಿಯೆಂದು ಯಾರೂ ಭ್ರಮಿಸಬಾರದು. ಅದರ ರಾಗಗಳಲ್ಲಿ ಸ್ಪೇನ್ ಮತ್ತು ಪೋರ್ತುಗಲ್ ದೇಶಗಳ ಅಂಶವಿದ್ದರೂ ಅದರ ಪ್ರಾಣವಾದ ತಾಳವು ಆಫ್ರಿಕೆಯದು.

ಆ ತಾಳವು ಹಡಗಿನಲ್ಲಿ ಬಂದಿತು; ಸರಪಳಿ ತೊಟ್ಟ ಮನುಷ್ಯರೊಡನೆ ಬಂದಿತು. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಆಫ್ರಿಕೆಯ ಲಕ್ಷಾವಧಿ ಜನರನ್ನು ಹಿಡಿದು ತಂದು ಕಬ್ಬಿನ ತೋಟಗಳಲ್ಲಿಯೂ ಗಣಿಗಳಲ್ಲಿಯೂ ಗುಲಾಮರನ್ನಾಗಿ ದುಡಿಸಿದರು. ಕ್ಯೂಬಾದಲ್ಲಿ ಈ ಪದ್ಧತಿಯು ಕೊನೆಗೊಂಡುದು ೧೮೮೬ರಲ್ಲಿ, ಬ್ರೆಜಿಲಿನಲ್ಲಿ ೧೮೮೮ರಲ್ಲಿ. ಈ ಜನರು ಊರು, ಮನೆ, ಹೆಸರುಗಳನ್ನು ಕಳೆದುಕೊಂಡರೂ ತಮ್ಮ ದೇವತೆಗಳನ್ನೂ ಆ ದೇವತೆಗಳನ್ನು ಕರೆಯುವ ವಾದ್ಯದ ನಡೆಗಳನ್ನೂ ಬಿಡಲಿಲ್ಲ. ಹವಾನಾ ಮತ್ತು ಮತಾಂಜಾಸ್ ಎಂಬ ಬಂದರಪಟ್ಟಣಗಳಲ್ಲಿ ಹಮಾಲಿ ಮಾಡುವ ಬಡ ಕರಿಯರು ಡೋಲು ಇಲ್ಲದಿದ್ದಾಗ ಮೀನು ಮತ್ತು ಮೇಣದಬತ್ತಿ ತುಂಬಿ ಬಂದ ಖಾಲಿ ಕಟ್ಟಿಗೆಯ ಪೆಟ್ಟಿಗೆಗಳನ್ನೇ ಬಾರಿಸಿ ಹಾಡಿದರು, ಕುಣಿದರು. ಆ ಹಾಡು ಕುಣಿತಗಳಿಗೆ ಬಂದ ಹೆಸರೇ ರುಂಬಾ.

ಇಂಥವರ ಸಂಗೀತವನ್ನು ಆ ದೇಶಗಳ ಕುಲೀನರು ಹೇಗೆ ಕಂಡರೆಂಬದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬ್ರೆಜಿಲಿನಲ್ಲಿ ಸಾಂಬಾ ಹಾಡುವವರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೋಲೀಸರು ಪುಂಡರೆಂದು ಎಣಿಸಿ ಪೀಡಿಸಿದರು; ೧೯೩೦ರ ದಶಕದಲ್ಲಿ ಅದೇ ಸಾಂಬಾ ಆ ರಾಷ್ಟ್ರದ ಗುರುತೆನಿಸಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪಟ್ಟಣದ ಬಡಕೇರಿಗಳಲ್ಲಿ ಹುಟ್ಟಿದ ಟ್ಯಾಂಗೋ ನೃತ್ಯವನ್ನು ಅಲ್ಲಿಯ ಶ್ರೀಮಂತರು ತಮ್ಮ ಮನೆಯೊಳಗೆ ಸೇರಿಸುತ್ತಿರಲಿಲ್ಲ. ೧೯೧೩ರ ಸುಮಾರಿಗೆ ಪ್ಯಾರಿಸ್ ನಗರವು ಅದಕ್ಕೆ ಮರುಳಾದ ಮೇಲೆ ಅವರೂ ಅದನ್ನು ಮೆಚ್ಚತೊಡಗಿದರು. ಯುನೆಸ್ಕೋ ಸಂಸ್ಥೆಯು ೨೦೦೯ರಲ್ಲಿ ಟ್ಯಾಂಗೋವನ್ನೂ ೨೦೧೬ರಲ್ಲಿ ಕ್ಯೂಬಾದ ರುಂಬಾವನ್ನೂ ಮಾನವಕುಲದ ಪರಂಪರೆಗಳ ಯಾದಿಯಲ್ಲಿ ಸೇರಿಸಿತು. ತನ್ನ ಮನೆಯ ಬಾಗಿಲಲ್ಲಿ ನಿಂತ ಗಾಯಕನನ್ನು ಗುರುತಿಸಲು ಮನುಷ್ಯನಿಗೆ ಪರಸ್ಥಳದವರ ಸಾಕ್ಷಿಯು ಬೇಕಾಗುವದು. ಈ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದೆ ಅದರ ಪ್ರಯೋಜನವುಂಟು.

ಇನ್ನು ಆ ತಾಳದ ಲಕ್ಷಣವನ್ನು ನೋಡೋಣ. ಛಂದಸ್ಸನ್ನು ಬಲ್ಲ ವಾಚಕರಿಗೆ ಇದು ಕಠಿನವಲ್ಲ. ನಮ್ಮ ಭಜನೆಗಳಲ್ಲಿ ತಬಲೆಯವನು ಹೆಚ್ಚಾಗಿ ಬಾರಿಸುವ ಕೇರವಾ ತಾಳದಲ್ಲಿ ಎಂಟು ಮಾತ್ರೆಗಳಿರುವವು. ಅವು ನಾಲ್ಕು ಮತ್ತು ನಾಲ್ಕಾಗಿ ಸಮನಾಗಿ ಒಡೆಯುವವು. ಮಂದಾನಿಲ ರಗಳೆಯ ನಡಿಗೆಯೂ ಇದೇ. ಕ್ಯೂಬಾದವರ ಒಂದು ಮುಖ್ಯ ನಡೆಯಲ್ಲಿಯೂ ಎಂಟೇ ಮಾತ್ರೆಗಳು. ಆದರೆ ಅವರು ಅದನ್ನು ಮೂರು, ಮೂರು, ಎರಡು ಎಂದು ಒಡೆಯುವರು. ‘ಹೊಳೆಯ, ದಡದ, ಮರ’ ಎಂದು ಪ್ರತಿ ಶಬ್ದದ ಮೊದಲಕ್ಷರಕ್ಕೆ ಒತ್ತುಕೊಟ್ಟು ಮತ್ತೆ ಮತ್ತೆ ಹೇಳುತ್ತ, ಕೈಯಿಂದ ನಾಲ್ಕು ನಾಲ್ಕು ಮಾತ್ರೆಗೊಮ್ಮೆ ತಾಳ ಹಾಕಿ ನೋಡಿರಿ. ಕೈಯ ಎರಡನೆಯ ಪೆಟ್ಟು ಐದನೆಯ ಮಾತ್ರೆಯ ಮೇಲೆ ಬೀಳುವದು. ಬಾಯಿಯ ಎರಡನೆಯ ಒತ್ತು ಅದಕ್ಕಿಂತ ಒಂದು ಮಾತ್ರೆ ಮೊದಲೇ ಬಿದ್ದಿರುವದು. ಮೂರನೆಯ ಒತ್ತು ಏಳನೆಯ ಮಾತ್ರೆಗೆ ಬರುವದು. ಎಂಟು ಮುಗಿದ ಕೂಡಲೆ ಕೈಬಾಯಿಗಳೆರಡೂ ಮತ್ತೆ ಒಂದೇ ಕಡೆಗೆ ಕೂಡುವವು. ಹೀಗೆ ಅಗಲುವದು, ಕೂಡುವದು ಇದೇ ಆ ತಾಳದ ಸೊಗಸು. ಅದನ್ನು ಕೇಳಿದಾಗ ಕಾಲು ತಾನೇ ಅಲುಗುವದಕ್ಕೆ ಕಾರಣವೂ ಇದೇ. ಎರಡಕ್ಕೂ ಎಂಟೇ ಮಾತ್ರೆಗಳಾದುದರಿಂದ ಆ ಪರದೇಶದ ನಡೆಯು ನಮ್ಮ ಕೇರವಾದ ಮೇಲೆ ಜಗಳವಿಲ್ಲದೆ ಕುಳಿತುಕೊಂಡಿತು. ನಮ್ಮ ಜನರು ಅದನ್ನು ಹೊರಗಿನದೆಂದು ಗುರುತಿಸದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಈ ಸಂಗೀತವು ಜಗತ್ತಿನಲ್ಲೆಲ್ಲ ಹರಡಿದುದು ಧ್ವನಿಮುದ್ರಿಕೆಯಿಂದ. ೧೯೩೦ರಲ್ಲಿ ದೋನ್ ಅಸ್ಪಿಯಾಸು ಎಂಬವನ ಕ್ಯೂಬಾದ ವಾದ್ಯವೃಂದವು ನ್ಯೂಯಾರ್ಕಿನಲ್ಲಿ ಒಂದು ಹಾಡನ್ನು ಮುದ್ರಿಸಿತು. ಅದನ್ನು ರಚಿಸಿದವನು ಮೊಯಿಸೆಸ್ ಸಿಮೋನ್ಸ್. ಬೀದಿಯಲ್ಲಿ ಶೇಂಗಾ ಮಾರುವವನು ಕೂಗುವ ಕೂಗನ್ನೇ ಹಾಡಾಗಿ ಕಟ್ಟಿದ ಆ ಮುದ್ರಿಕೆಯು ಅಪಾರವಾಗಿ ಮಾರಾಟವಾಯಿತು. ನಿಜಕ್ಕೆ ಅದು ‘ಸೋನ್’ ಎಂಬ ಬೇರೆ ಪದ್ಧತಿಯದು; ಅಮೇರಿಕೆಯ ವ್ಯಾಪಾರಿಗಳು ಅದಕ್ಕೆ ರುಂಬಾ ಎಂಬ ಚೀಟಿಯನ್ನು ಅಂಟಿಸಿದರು. ಆಮೇಲೆ ೧೯೫೦ರ ಸುಮಾರಿಗೆ ಮಾಂಬೋ, ಅದರ ಬೆನ್ನಿಗೆ ಚಾಚಾಚಾ, ೧೯೫೮ರಿಂದ ಬ್ರೆಜಿಲಿನ ಬೋಸಾನೋವಾ ಎಂಬ ನಡೆಗಳು ಒಂದರ ಹಿಂದೊಂದು ಯೂರೋಪು ಅಮೇರಿಕೆಗಳನ್ನು ಆವರಿಸಿದವು. ಶೇಂಗಾದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳುವೆನು. ನಮ್ಮ ಜಿಲ್ಲೆಯವರು ರೊಟ್ಟಿಯೊಡನೆ ತಿನ್ನುವ ಹಿಂಡಿಯ ಶೇಂಗಾ, ಅದರೊಳಗಿನ ಮೆಣಸಿನಕಾಯಿ, ಇವೆರಡೂ ಮೂಲತಃ ಆ ಲ್ಯಾಟಿನ್ ಅಮೇರಿಕೆಯ ಬೆಳೆಗಳೇ. ಅವುಗಳ ತರುವಾಯ ಆ ಹೊಲಗಳಲ್ಲಿ ದುಡಿದವರ ತಾಳವೂ ನಮ್ಮಲ್ಲಿಗೆ ಬಂದಿತು.

ಬಂದ ದಾರಿಯಾವದು? ಗೋವೆಯ ದಾರಿ. ೧೫೧೦ರಿಂದ ೧೯೬೧ರವರೆಗೆ ಗೋವೆಯು ಪೋರ್ತುಗೀಜರ ವಶದಲ್ಲಿದ್ದಿತು. ಅಲ್ಲಿಯ ಇಗರ್ಜಿಗಳಿಗೆ ಹೊಂದಿದ ಶಾಲೆಗಳಲ್ಲಿ ಹಳ್ಳಿಯ ಹುಡುಗರಿಗೂ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಹಾಗೆ ಕಲಿತವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋಗಿ ದೊಡ್ಡ ಹೋಟೆಲುಗಳ ವಾದ್ಯವೃಂದಗಳಲ್ಲಿ ಸೇರಿದರು. ಅಲ್ಲಿ ಯೂರೋಪಿಯನ್ನರ ಮತ್ತು ಶ್ರೀಮಂತರ ಕುಣಿತಕ್ಕಾಗಿ ರುಂಬಾ, ಟ್ಯಾಂಗೋಗಳನ್ನು ನುಡಿಸುವದು ಅವರ ನಿತ್ಯದ ಕೆಲಸವಾಯಿತು. ಮುಂಬಯಿಯ ಚಿತ್ರೋದ್ಯಮವು ಬೆಳೆದಂತೆ ಅದಕ್ಕೆ ಸ್ವರಲಿಪಿಯನ್ನು ನೋಡಿ ನುಡಿಸಬಲ್ಲ ವಾದಕರು ಬೇಕಾದರು. ಸಂಗೀತ ನಿರ್ದೇಶಕನು ಮಟ್ಟನ್ನು ಕಟ್ಟುವನು. ಯಾವ ವಾದ್ಯವು ಎಲ್ಲಿ ಏನು ನುಡಿಯಬೇಕೆಂದು ಗೋವೆಯ ಸಹಾಯಕನು ಬರೆದುಕೊಡುವನು. ಹೀಗೆ ದುಡಿದವರಲ್ಲಿ ಸೆಬಾಸ್ಟಿಯನ್ ಡಿಸೋಜಾ, ಅಂಥೋನಿ ಗೊನ್ಸಾಲ್ವಿಸ್, ಫ್ರ್ಯಾಂಕ್ ಫರ್ನಾಂಡ್, ಮತ್ತು ‘ಚಿಕ್ ಚಾಕೊಲೇಟ್’ ಎಂಬ ಹೆಸರಿನಿಂದ ಪ್ರಸಿದ್ಧನಾದ ಆಂಟೋನಿಯೋ ವಾಜ್ ಇವರು ಮುಖ್ಯರು. ಚಿತ್ರದ ಫಲಕದಲ್ಲಿ ಇವರ ಹೆಸರುಗಳು ಬಂದರೂ ಸಣ್ಣ ಅಕ್ಷರಗಳಲ್ಲಿ ಬಂದವು. ಅನೇಕ ವೇಳೆ ಬರಲೇ ಇಲ್ಲ.

೧೯೫೦ರಲ್ಲಿ ಹೊರಬಂದ ‘ಸಮಾಧಿ’ ಎಂಬ ಹಿಂದೀ ಚಿತ್ರಕ್ಕೆ ಸಿ. ರಾಮಚಂದ್ರ ಇವರು ಸಂಗೀತವನ್ನು ಒದಗಿಸಿದರು. ಅದರ ಅತ್ಯಂತ ಜನಪ್ರಿಯವಾದ ಹಾಡಿನ ಮಟ್ಟು ೧೯೪೫ರ ಒಂದು ಅಮೇರಿಕನ್ ಚಿತ್ರದಲ್ಲಿ ಬ್ರೆಜಿಲಿನಲ್ಲಿ ಬೆಳೆದ ಕಾರ್ಮೆನ್ ಮಿರಾಂಡಾ ಹಾಡಿದ ಹಾಡಿನಿಂದ ಬಂದುದು. ಮರುವರ್ಷ, ಅಂದರೆ ೧೯೫೧ರಲ್ಲಿ, ಅದೇ ಸಂಗೀತಗಾರರ ‘ಅಲಬೇಲಾ’ ಚಿತ್ರವು ಬಂದಿತು. ಅದರಲ್ಲಿ ಬೊಂಗೊ ಎಂಬ ಜೋಡಿ ಡೋಲುಗಳೂ, ಬೀಜ ತುಂಬಿದ ಬುರುಡೆಯ ಗಿಲಕಿಗಳೂ ದೇಶದ ಮೂಲೆ ಮೂಲೆಗೆ ಕೇಳಿಸಿದವು. ಅನಂತರದ ಎರಡು ದಶಕಗಳಲ್ಲಿ ಈ ವಾದ್ಯಗಳಿಲ್ಲದ ಚಿತ್ರಸಂಗೀತವೇ ವಿರಳವೆನ್ನಬಹುದು. ಕನ್ನಡ ಚಿತ್ರಗಳೂ ಇದಕ್ಕೆ ಹೊರತಾಗಲಿಲ್ಲ.

ನಮ್ಮ ಮೂರು ತಾಲೂಕುಗಳಿಗೆ ಈ ಪ್ರವಾಹವು ಬೇಗನೆ ತಲುಪಲು ವಿಶೇಷ ಕಾರಣಗಳುಂಟು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೇಲೆ ರಾಯಚೂರಿಗೆ ಬರುವ ಕಬ್ಬಿಣದ ಹಾದಿಯು ೧೮೭೧ರಲ್ಲಿಯೇ ಸಿದ್ಧವಾಗಿದ್ದಿತು. ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಬರುವ ಯಾತ್ರಿಕರು ಅದೇ ಹಾದಿಯ ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲಿ ಇಳಿಯುವರು. ಆಳಂದದವರಿಗೆ ಸೊಲ್ಲಾಪುರವು ಪೇಟೆಯ ಊರು. ಪೇಟೆಗೆ ಹೋದವರು ಸಿನೇಮಾ ನೋಡಿ ಬರುವರು. ಎರಡನೆಯದಾಗಿ, ೧೯೪೮ರವರೆಗೆ ಈ ಪ್ರದೇಶವು ನಿಜಾಮರ ಆಳಿಕೆಯಲ್ಲಿದ್ದು ಶಾಲೆ ಕಚೇರಿಗಳಲ್ಲಿ ಉರ್ದೂ ನಡೆಯುತ್ತಿದ್ದಿತು. ಆದುದರಿಂದ ಹಿಂದೀ ಚಿತ್ರಗಳ ಹಾಡುಗಳು ಹಳೆಯ ಮೈಸೂರಿನವರಿಗಿಂತ ನಮ್ಮವರಿಗೆ ಹೆಚ್ಚು ಸುಲಭವಾಗಿ ತಿಳಿಯುತ್ತಿದ್ದವು. ಮೂರನೆಯದಾಗಿ ರೇಡಿಯೋ. ೧೯೫೨ರಲ್ಲಿ ಕೇಂದ್ರ ಸಚಿವರಾದ ಬಿ. ವಿ. ಕೇಸಕರ ಇವರು ಆಕಾಶವಾಣಿಯಲ್ಲಿ ಚಿತ್ರಗೀತಗಳನ್ನು ಕಡಿಮೆ ಮಾಡಿದರು. ಫಲವೇನಾಯಿತೆಂದರೆ, ಜನರು ಸಿಂಹಳದ ರೇಡಿಯೋ ಸಿಲೋನ್ ಕೇಂದ್ರಕ್ಕೆ ಕಿವಿಗೊಟ್ಟರು. ೧೯೫೭ರಲ್ಲಿ ವಿವಿಧ ಭಾರತಿಯು ಆರಂಭವಾದ ಮೇಲೆ ತಡೆಯು ತಾನಾಗಿಯೇ ಸಡಿಲಿತು. ಬಾಲ್ಯದಲ್ಲಿ ನಮ್ಮೂರ ಚಹದ ಅಂಗಡಿಯ ಮುಂದೆ ನಿಂತು ಇಂಥ ಹಾಡುಗಳನ್ನು ಕೇಳಿದುದು ನನಗೆ ನೆನಪಿರುವದು. ಪಾಠಶಾಲೆಯ ಗುರುಗಳಿಗೆ ತಿಳಿದರೆ ಶಿಕ್ಷೆಯಾಗುತ್ತಿದ್ದಿತು.

ಆಮೇಲೆ ಮದುವೆಯ ಬ್ಯಾಂಡ್ ಕಂಪನಿಗಳು ಬಂದವು. ಕ್ಲ್ಯಾರಿಯೋನೆಟ್ ನುಡಿಸುವವನ ಬದಿಗೆ ಎರಡು ಕೈಗಳಲ್ಲಿ ಗಿಲಕಿ ಹಿಡಿದು ಝಾಡಿಸುವ ಒಬ್ಬನು ನಿಂತನು. ಕೊನೆಗೆ ಬಂದುದು ಕ್ಯಾಸಿಯೋ. ಜಪಾನಿನ ಒಂದು ಕಂಪನಿಯ ಹೆಸರು ಅದು. ೧೯೮೦ರ ದಶಕದ ಆರಂಭದಲ್ಲಿ ಅದು ಅಗ್ಗದ ವಿದ್ಯುದ್ವಾದ್ಯಗಳನ್ನು ಮಾಡಿ ಮಾರತೊಡಗಿತು. ೧೯೮೧ರ ಒಂದು ಚಿಕ್ಕ ವಾದ್ಯದಲ್ಲಿ ಹತ್ತು ತಾಳಗಳನ್ನು ಅಳವಡಿಸಿದ್ದರು. ಅವುಗಳಲ್ಲಿ ಬೋಸಾನೋವಾ, ಸಾಂಬಾ, ರುಂಬಾ, ಬಿಗೀನ್ ಎಂಬ ನಾಲ್ಕು ಲ್ಯಾಟಿನ್ ಅಮೇರಿಕೆಯ ಸೀಮೆಯವು. ಜಪಾನಿನವರು ಮಾಡಿದ ಆ ವಾದ್ಯದಲ್ಲಿ ನಮ್ಮ ಕೇರವಾ, ದಾದರಾಗಳು ಇರಲಿಲ್ಲ. ಎಂಟು ಮಾತ್ರೆಯ ಪದಕ್ಕೆ ನಮ್ಮ ಪೇಟಿ ಮಾಸ್ತರರು ಹತ್ತಿರದ ತಾಳವನ್ನು ಹುಡುಕಿದರು. ರುಂಬಾ ಸರಿಹೊಂದಿತು. ಹವಾನಾ ಬಂದರದ ಹಮಾಲರ ತಾಳವು ಹೀಗೆ ನ್ಯೂಯಾರ್ಕ್, ಮುಂಬಯಿ, ತೋಕಿಯೋಗಳನ್ನು ಸುತ್ತಿ, ಭೀಮಾತೀರದ ಜಾತ್ರೆಯಲ್ಲಿ ನಾಟಕದ ಪದಕ್ಕೂ ಭಜನೆಗೂ ಆಧಾರವಾಯಿತು.

ಹೊರಗಿನ ನಾದವು ಒಳಗೆ ಬಂದುದಕ್ಕಾಗಿ ನಾನು ಶೋಕಿಸುವವನಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನ ಮನೆತನವೇ ಕಾಶ್ಮೀರದಿಂದ ಬಂದುದು. ಅವನು ಮಾರ್ಗವೆಂದೂ ದೇಶೀಯೆಂದೂ ಸಂಗೀತವನ್ನು ಎರಡು ಬಗೆಯಾಗಿ ವಿಂಗಡಿಸಿ, ಆಯಾ ದೇಶದ ಜನರ ಹೃದಯವನ್ನು ರಂಜಿಸುವದೇ ದೇಶೀ ಎಂದನು. ನೂರಿಪ್ಪತ್ತು ದೇಶೀ ತಾಳಗಳನ್ನು ಎಣಿಸಿಕೊಟ್ಟನು. ಕಲಬುರಗಿಗೆ ಹದಿನೈದನೆಯ ಶತಮಾನದ ಹೊಸ್ತಿಲಲ್ಲಿ ಬಂದು ೧೪೨೨ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರು ಸಂಗೀತಶ್ರವಣವನ್ನು ಭಗವಂತನ ದಾರಿಯೆಂದು ಮನ್ನಿಸಿದರು. ಆಳಂದದ ಲಾಡ್ಲೆ ಮಶಾಯಿಖ್ ದರ್ಗಾಕ್ಕೆ ಇಂದಿಗೂ ಎಲ್ಲ ಮತದವರೂ ನಡೆದುಕೊಳ್ಳುವರು. ಮೊದಲು ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿದ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳ ಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬರು ಶಿಷ್ಯರಾಗಿ ಕನ್ನಡದಲ್ಲಿ ಪದಗಳನ್ನು ಕಟ್ಟಿದರು. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ನಮ್ಮ ರೈತರು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತ ಹೆಜ್ಜೆ ಹಾಕುವರು. ಭಜನೆಯ ಪೇಟಿಯಾದರೂ ನಮ್ಮದೆಲ್ಲಿ? ಪ್ಯಾರಿಸ್ಸಿನ ಡೆಬೇನ್ ಎಂಬವನು ೧೮೪೦ರ ದಶಕದಲ್ಲಿ ಹಾರ್ಮೋನಿಯಮ್ಮಿಗೆ ರೂಪಕೊಟ್ಟನು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕಿ ನುಡಿಸುವಂತೆ ಮಾಡಿದರು. ಅದು ಪರದೇಶದ್ದೆಂದೂ ನಮ್ಮ ಶ್ರುತಿಗಳಿಗೆ ಒಗ್ಗದೆಂದೂ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದನ್ನು ಬಹಿಷ್ಕರಿಸಿದ್ದಿತು. ಅಷ್ಟರಲ್ಲಿ ನಮ್ಮ ಮಠಗಳ ಭಜನೆಯವರು ಅದನ್ನು ಮನೆಯ ಮಗನನ್ನಾಗಿ ಮಾಡಿಕೊಂಡಿದ್ದರು.

ಆದರೆ ಇವೆಲ್ಲವುಗಳಿಗೂ ಆ ಗುಂಡಿಗೂ ಒಂದು ಭೇದವುಂಟು. ಪೇಟಿಯನ್ನು ನುಡಿಸಲು ಮನುಷ್ಯನು ಬೇಕು. ಅವನು ಹಾಡುವವನ ಮುಖವನ್ನು ನೋಡುತ್ತಿರುವನು. ತತ್ತ್ವಪದವನ್ನು ಹಾಡುವ ಮುದುಕನು ಅರ್ಥವು ಗಹನವಾದ ಸ್ಥಳದಲ್ಲಿ ತಡೆಯುವನು, ಉಸಿರನ್ನು ಹಿಡಿಯುವನು, ಮತ್ತೆ ಓಡುವನು. ದಮ್ಮಡಿಯವನು ಅವನನ್ನು ಕಾಯುವನು. ಗುಂಡಿಯು ಕಾಯುವದಿಲ್ಲ; ಹಾಡುವವನೇ ಗುಂಡಿಯ ಬೆನ್ನು ಹತ್ತಬೇಕು. ಅಂತೂ ನಮ್ಮಲ್ಲಿಗೆ ಬಂದುದು ರುಂಬಾದ ಎಲುಬು, ಜೀವವಲ್ಲ. ಕ್ಯೂಬಾದ ವಾದಕನೂ ಹಾಡುವವನ ಮತ್ತು ಕುಣಿಯುವವನ ಮುಖವನ್ನು ನೋಡಿಯೇ ಬಾರಿಸುವನೆಂದು ಓದಿದ್ದೇನೆ.

ಇಷ್ಟನ್ನು ತಿಳಿದುಕೊಂಡ ಬಳಿಕ ನಾನು ಪುನಃ ಆ ಗ್ರಾಮಕ್ಕೆ ಹೋದೆನು. ಗುಲಾಮರ ಕಥೆ, ಖಾಲಿ ಪೆಟ್ಟಿಗೆಗಳ ಕಥೆ, ಅವರನ್ನು ಊರ ಹಿರಿಯರು ಹೊರಗಿಟ್ಟ ಕಥೆ, ಎಲ್ಲವನ್ನೂ ಪೇಟಿ ಮಾಸ್ತರರಿಗೆ ಹೇಳಿದೆನು. ಅವರು ತುಸು ಹೊತ್ತು ಸುಮ್ಮನಿದ್ದು, “ಹಾಂಗಂದ್ರ ಅವರೂ ನಮ್ಮ ಹಲಗಿ 
ಮಂದಿ ಇದ್ಹಾಂಗೇ ಇದ್ರಲ್ರೀ, ಗುರುಗಳೇ” ಎಂದರು.

ಆ ಮಾತು ನನಗೆ ನಾಟಿತು. ಅದಕ್ಕೆ ಕಾರಣವನ್ನು ಮುಚ್ಚಿಡುವದು ಉಚಿತವಲ್ಲ. ನಾನು ನೌಕರಿಯ ಆರಂಭದಲ್ಲಿ ಒಂದು ಶಾಲೆಯಲ್ಲಿದ್ದಾಗ ವಾರ್ಷಿಕ ಗ್ಯಾದರಿಂಗಿನಲ್ಲಿ ಹಲಗಿ ಬಾರಿಸುತ್ತೇನೆಂದು ಒಬ್ಬ ಹುಡುಗನು ಕೇಳಿಕೊಂಡನು. ಅವನ ತಂದೆಯೂ ಅಜ್ಜನೂ ಅದೇ ಕೆಲಸದವರು. ಡೆಸ್ಕಿನ ಮೇಲೆ ಅವನ ಬೆರಳುಗಳು ಆಡುವದನ್ನು ನಾನು ಎಷ್ಟೋ ಸಲ ಕೇಳಿ ಗದರಿಸಿದ್ದೆನು. ಹಲಗಿಯು ಹೆಣದ ಮುಂದೆ ಬಾರಿಸುವ ವಾದ್ಯ, ಸರಸ್ವತಿಯ ಪೂಜೆಯ ದಿನ ಅಶುಭವೆಂದು ಹೇಳಿ ಬೇಡವೆಂದೆನು. ಅವನ ಬದಲಾಗಿ ಒಂದು ಚಿತ್ರಗೀತವನ್ನು ಟೇಪಿನ ಮೇಲೆ ಹಚ್ಚಿ ಮಕ್ಕಳನ್ನು ಕುಣಿಸಿದೆವು. ಅದರಲ್ಲಿ ಬೊಂಗೊ ಇದ್ದಿತು. ಕ್ಯೂಬಾದ ಹೊರಗೇರಿಯ ಡೋಲಿಗೆ ನಾನು ಸರಸ್ವತಿಯ ಮುಂದೆ ಸ್ಥಳವನ್ನು ಕೊಟ್ಟೆನು. ನಮ್ಮ ಹೊರಗೇರಿಯ ಹಲಗಿಗೆ ಕೊಡಲಿಲ್ಲ. ಎರಡೂ ತೊಗಲೇ. ಆ ಹುಡುಗನು ಮರುವರ್ಷ ಶಾಲೆಗೆ ಬರಲಿಲ್ಲ. ಈಗ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿರುವನೆಂದು ಕೇಳಿರುವೆನು.

ನಾನು ಓದಿದ ಶಾಸ್ತ್ರವೂ ನನ್ನ ಪಕ್ಷಕ್ಕೆ ನಿಲ್ಲುವದಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿದೆ. ತೊಗಲು ಹೊದಿಸಿದ ವಾದ್ಯಗಳೆಲ್ಲ ಅವನದ್ಧಗಳು. ಮೃದಂಗವೂ ಹಲಗಿಯೂ ಒಂದೇ ವರ್ಗದವು. ಸ್ವಾತಿಯೆಂಬ ಮುನಿಯು ಕೊಳದ ತಾವರೆಯೆಲೆಗಳ ಮೇಲೆ ಮಳೆಹನಿಗಳು ಬೀಳುವ ಸಪ್ಪಳವನ್ನು ಕೇಳಿ ಈ ವಾದ್ಯಗಳನ್ನು ಕಲ್ಪಿಸಿದನೆಂದು ಆ ಗ್ರಂಥದಲ್ಲಿರುವದು. ಮಳೆಯು ಎಲೆಯ ಜಾತಿಯನ್ನು ಕೇಳಲಿಲ್ಲ. ನಾನು ಆ ಕಥೆಯನ್ನು ಎಷ್ಟೋ ವರ್ಷ ಹೇಳಿದವನು. ಅದರ ಅರ್ಥವು ನನಗೆ ಹೊಳೆಯಲಿಲ್ಲ.

ಅದೇ ಸಂಜೆ ಪೇಟಿ ಮಾಸ್ತರರು ನನ್ನನ್ನು ಒಬ್ಬ ವೃದ್ಧ ಹಲಗಿ ವಾದಕರ ಮನೆಗೆ ಕರೆದುಕೊಂಡು ಹೋದರು. ಆ ಕೇರಿಯೊಳಗೆ ಕಾಲಿಟ್ಟುದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅವರು ಕಟ್ಟೆಯ ಮೇಲೆ ಚಾಪೆ ಹಾಸಿ, “ಬರ್ರಿ ಸರ, ಕುಂದರ್ರಿ” ಎಂದರು. ಮಾಸ್ತರರು ಕ್ಯಾಸಿಯೋದ ಗುಂಡಿಯನ್ನು ಒತ್ತಿದರು. ವೃದ್ಧರು ತಮ್ಮ ಹಲಗಿಯನ್ನು ಹುಲ್ಲಿನ ಉರಿಗೆ ಹಿಡಿದು ಕಾಸುತ್ತ ಕೇಳಿದರು. ಒಂದು ಕೈಯ ದಪ್ಪ ಕೋಲಿನಿಂದಲೂ ಇನ್ನೊಂದು ಕೈಯ ಸಣ್ಣ ಕಡ್ಡಿಯಿಂದಲೂ ಎರಡು ಆವರ್ತಗಳಲ್ಲಿ ಆ ಮೂರು ಮೂರು ಎರಡರ ನಡೆಯನ್ನು ಹಿಡಿದರು. ಮೂರನೆಯ ಆವರ್ತದಿಂದ ಅದನ್ನು ಬಗೆಬಗೆಯಾಗಿ ಒಡೆದು ಕೂಡಿಸತೊಡಗಿದರು. ತುಸು ಹೊತ್ತಿನ ಮೇಲೆ ಮಾಸ್ತರರು ಗುಂಡಿಯನ್ನು ಬಂದು ಮಾಡಿದರು. ಅದು ಬೇಕಾಗಿರಲಿಲ್ಲ. “ಈಗ ನಮ್ಮನ್ನ ಸತ್ತಾಗಷ್ಟೇ ಕರೀತಾರ್ರೀ. ಮದಿವಿಗಿ ಆ ಪೆಟಗಿ ಬಂದೈತಿ. ನಮ್ಮ ಹುಡುಗರು ಕಲಿಯಲಿಲ್ಲ, ಕಲೀರಿ ಅಂತ ನಾನೂ ಅನ್ನಲಿಲ್ಲ” ಎಂದು ಅವರು ಹೇಳಿದರು. ಅವರ ಮಕ್ಕಳು ಈ ಕೆಲಸವನ್ನು ಬಿಟ್ಟುದು ನ್ಯಾಯವೇ. ಅಪಮಾನವನ್ನು ಕಟ್ಟಿಕೊಟ್ಟ ಕಲೆಯನ್ನು ಉಳಿಸಿರೆಂದು ಅವರಿಗೆ ಹೇಳುವ ಅಧಿಕಾರವು ನನಗಿಲ್ಲ. ಅಪಮಾನವನ್ನು ತೆಗೆಯುವದು ನಮ್ಮ ಕೆಲಸವು. ಕಲೆಯನ್ನು ಇಟ್ಟುಕೊಳ್ಳುವದೂ ಬಿಡುವದೂ ಅವರ ಇಚ್ಛೆಯು.

ಆದುದರಿಂದ ವಾಚಕರಲ್ಲಿಯೂ ನಮ್ಮ ಸಂಘದ ಕಾರ್ಯಕರ್ತರಲ್ಲಿಯೂ ಎರಡು ವಿಜ್ಞಾಪನೆಗಳು. ಮಡಿವಾಳಪ್ಪನವರೇ ಮೊದಲಾದವರ ತತ್ತ್ವಪದಗಳು ಅಚ್ಚಾಗಿರುವವು. ಆದರೆ ಅವುಗಳ ಮಟ್ಟುಗಳು ಮುದುಕರ ಗಂಟಲುಗಳಲ್ಲಿವೆ. ಅವುಗಳನ್ನು ಗುಂಡಿಯ ತಾಳವಿಲ್ಲದೆ, ದಮ್ಮಡಿ ಏಕತಾರಿಗಳೊಡನೆ, ಹಾಡಿದವರ ಮತ್ತು ಊರಿನ ಹೆಸರುಗಳ ಸಹಿತ ಮುದ್ರಿಸಿಡಬೇಕು. ಈಗ ಪ್ರತಿ ಮನೆಯಲ್ಲಿಯೂ ಮೊಬೈಲ್ ಇರುವದರಿಂದ ಇದಕ್ಕೆ ಹಣವು ಬೇಕಿಲ್ಲ. ಎರಡನೆಯದು, ಹಲಗಿಯ ನಡೆಗಳಿಗೆ ವಾದಕರಲ್ಲಿಯೇ ಹೆಸರುಗಳುಂಟು. ಅವುಗಳನ್ನು ಅವರಿಂದಲೇ ಕೇಳಿ ಬರೆದುಕೊಂಡು ಈ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಮತ್ತು ಸಂಘದ ವಾರ್ಷಿಕ ಸಭೆಯಲ್ಲಿ ಹಲಗಿಯು ಬಾಗಿಲ ಹೊರಗೆ ಮೆರವಣಿಗೆಗಾಗಿ ನಿಲ್ಲದೆ ವೇದಿಕೆಯ ಮೇಲೆ, ಪೇಟಿ ತಬಲೆಗಳಿಗೆ ಕೊಡುವಷ್ಟೇ ಸಂಭಾವನೆಯೊಡನೆ, ನುಡಿಯಬೇಕು. ಇಂಥದನ್ನು ಹಿಂದೆಯೇ ಮಾಡಿದವರು ನಾಡಿನಲ್ಲಿ ಇದ್ದಾರೆ. ನಾವು ತಡವಾಗಿ ಮಾಡುವವರು.

ರುಂಬಾ ಎಂದರೇನೆಂದು ಕೇಳಿದ ಪೇಟಿ ಮಾಸ್ತರರಿಗೆ ನಾನು ಋಣಿಯು. ಆ ಹುಡುಗನ ವಿಳಾಸವನ್ನು ಹುಡುಕುತ್ತಿದ್ದೇನೆ. ಸಿಕ್ಕರೆ ಅವನಿಗೆ ಹೇಳತಕ್ಕ ಮಾತುಗಳಲ್ಲಿ ಈ ಲೇಖನವು ಮೊದಲನೆಯದು.